ಉಪಚಾರ ಕಲಿತ ಕಂಪ್ಯೂಟರ್

"ಅದಕ್ಕ ಹೇಳ್ರಿ, ಬಂದವರನ್ನ ನಿಂದರಿಸಿ ಕೇಳಬಾರದಂತ. ಮೊದಲ ಕೂಡ್ರಿ ಅನ್ಲಿ."

ನನ್ನ ಹೆಂಡತಿ ನನಗೆ ಹೇಳಿದ ಕಡೆಯ ಮಾತು ಇದು. ಕಲ್ಯಾಣದ ಆಸ್ಪತ್ರೆಯಲ್ಲಿ, ಸಂಜೆ ಭೇಟಿಯ ಹೊತ್ತು ಮುಗಿದು ಆಯಾ ನಮ್ಮನ್ನೆಲ್ಲ ಹೊರಗೆ ಕಳಿಸುತ್ತಿದ್ದಾಗ ಹೇಳಿದಳು. ಬೇರೆಯವರ ಹೆಂಡಂದಿರು ಕಡೆಗೆ ದೇವರ ಹೆಸರು ಹೇಳುತ್ತಾರಂತೆ. ನನ್ನಾಕೆ ಹೇಳಿದ್ದು ಒಂದು ಕಂಪ್ಯೂಟರಿನ ಬಗ್ಗೆ. ಅದನ್ನು ಆಕೆ ಕಣ್ಣಿನಿಂದ ನೋಡಿರಲೂ ಇಲ್ಲ.

ಇಂಥವು ನನ್ನ ಬಾಳಿನಲ್ಲಿ ಆಗುತ್ತಲೇ ಇರುತ್ತವೆ. ನಾನೇನೂ ಮಾಡಬೇಕಾಗಿಲ್ಲ. ಚಹಾದ ಕಿಟ್ಲಿ ಹಿಡಿದು ಸುಮ್ಮನೆ ನಿಂತಿದ್ದರೆ ಸಾಕು, ಎದುರಿಗೆ ಏನೋ ಒಂದು ಆಗುತ್ತದೆ. ಸಂಜೆ ಠಾಕುರ್ಲಿಯ ಚಾಳಿನ ನಮ್ಮ ಮನೆಗೆ ಬಂದು ಆಕೆಗೆ ಹೇಳುತ್ತಿದ್ದೆ. ಆಕೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ನಗುತ್ತಿದ್ದಳು. ಒಲೆಯ ಮೇಲಿನ ರೊಟ್ಟಿ ಹೊತ್ತುತ್ತಿತ್ತು. ಈಗ ರೊಟ್ಟಿ ಹೊತ್ತುವುದಿಲ್ಲ. ಹೇಳುವುದಕ್ಕೆ ಯಾರೂ ಇಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಓದಿದ್ದು ಊರ ಸಾಲೆಯಲ್ಲಿ ಮೂರನೇ ಇಯತ್ತೆ. ತಪ್ಪಿದ್ದರೆ ತಿದ್ದಿಕೊಂಡು ಓದಿರಿ.

ಆಕೆಯದೊಂದು ಫೋಟೋ ಇದೆ. ಅದರಲ್ಲಿ ಬಾಯಿ ಮುಚ್ಚಿದ್ದಾಳೆ. ಹಾಗಿದ್ದದ್ದು ಅದೊಂದೇ ಸಲ. ಆಕೆಯ ಮಾತು ಉಳಿದದ್ದು ಆ ಕಂಪ್ಯೂಟರಿನಲ್ಲಿ ಮಾತ್ರ. ಒಂದು ದಿನ ಅದನ್ನೂ ಅಳಿಸುವುದರಲ್ಲಿದ್ದರು. ಅಲ್ಲಿಗೆ ಬರುತ್ತೇನೆ. ನನ್ನದು ಸ್ಲೋ ಲೋಕಲ್. ಎಲ್ಲ ಸ್ಟೇಶನ್ನಿಗೂ ನಿಲ್ಲುತ್ತದೆ.

ಚಪ್ಪಲಿ ಬಿಟ್ಟು ಬರಬೇಕು

ಬಿಜಾಪುರದ ಕಡೆಯಿಂದ ಬಂದ ಹೊಸತರಲ್ಲಿ, ಎಪ್ಪತ್ತರ ದಶಕದಲ್ಲಿ, ಭಿವಂಡಿಯ ಗೋದಾಮಿನಲ್ಲಿ ಚೀಲ ಹೊತ್ತೆ. ಕೆಲವು ವರ್ಷಕ್ಕೆ ಬೆನ್ನು ಸಾಕು ಎಂದಿತು. ಆಮೇಲೆ ಡೊಂಬಿವಲಿಯಲ್ಲಿ ಒಬ್ಬ ಸಾಹೇಬರ ಆಫೀಸಿನಲ್ಲಿ ಪ್ಯೂನ್ ಆದೆ. ಸ್ಟೇಶನ್ ಹತ್ತಿರ, ಹಿಟ್ಟಿನ ಗಿರಣಿಯ ಮೇಲೆ ಎರಡು ಖೋಲಿ. ಒಂದರಲ್ಲಿ ಸಾಹೇಬರು. ಇನ್ನೊಂದಕ್ಕೆ, ಎಂಬತ್ತರ ದಶಕ ಅರ್ಧ ದಾಟಿದ ಮೇಲೆ, ಕಂಪ್ಯೂಟರ್ ಬಂತು. ಅದನ್ನು ನಡೆಸಲು ಒಬ್ಬ ಮ್ಯಾಡಮ್ ಬಂದರು. ಇಬ್ಬರೂ ಮರಾಠಿಯವರು. ಅಂಗಡಿಯವರಿಗೆ, ಗೋದಾಮಿನವರಿಗೆ ಮಾಲಿನ ಲೆಕ್ಕ ಇಡುವ ಪ್ರೋಗ್ರಾಮ್ ಬರೆದು ಮಾರುವುದು ನಮ್ಮ ಧಂದೆ.

ಕೆಳಗೆ ಗಿರಣಿ, ಮೇಲೆ ಕಂಪ್ಯೂಟರ್. ಹಿಟ್ಟಿನ ಧೂಳು ಅದಕ್ಕೆ ಆಗದು. ಅದಕ್ಕೇ ಬಾಗಿಲಿಗೆ ಪರದೆ, ಒಳಗೆ ಏಸಿ, ಚಪ್ಪಲಿ ಎಲ್ಲ ಹೊರಗೆ. ಗಟ್ಟಿಯಾಗಿ ಮಾತಾಡಿದರೆ ಮ್ಯಾಡಮ್ ತಿರುಗಿ ನೋಡುತ್ತಿದ್ದರು.

ಒಂದು ದಿನ ಗೋದಿ ಬೀಸಿಸಲು ಬಂದ ಮರಾಠಿ ಅಜ್ಜಿಯೊಬ್ಬರು ಮೆಟ್ಟಿಲು ಹತ್ತಿ ಬಂದರು. ನೋಡಿದರು. ಸಾಲಾಗಿ ಚಪ್ಪಲಿ. ಪರದೆ. ಒಳಗಿನಿಂದ ತಂಪು ಗಾಳಿ. ಸದ್ದಿಲ್ಲ. ಅಜ್ಜಿ ತಾವೂ ಚಪ್ಪಲಿ ಬಿಟ್ಟರು. ತಲೆಯ ಮೇಲೆ ಸೆರಗು ಎಳೆದುಕೊಂಡು ಒಳಗೆ ಬಂದು ಕಂಪ್ಯೂಟರಿಗೆ ಕೈಮುಗಿದರು. ಕಣ್ಣು ಮುಚ್ಚಿ ಏನೋ ಬೇಡಿಕೊಂಡರು.

"ಅಜ್ಜೀ, ಇದು ದೇವರಲ್ಲ. ಲೆಕ್ಕ ಮಾಡುವ ಯಂತ್ರ" ಅಂದರು ಮ್ಯಾಡಮ್.

ಅಜ್ಜಿ ಕಣ್ಣು ತೆರೆಯಲಿಲ್ಲ. "ಅದೇ ಮಗಳೇ. ಮೇಲೆ ಕೂತವನು ಮತ್ತೇನು ಮಾಡುತ್ತಾನೆ?" ಅಂದರು.

ಆರು ತಿಂಗಳ ಕೂಸು

ನಮ್ಮಲ್ಲಿಗೆ ಒಬ್ಬ ಸಾಹುಕಾರರು ಬಂದರು. ಬಿಜಾಪುರದಲ್ಲಿ ಕಾಳುಕಡಿಯ ಅಂಗಡಿ, ಕಲ್ಯಾಣದಲ್ಲಿ ಗೋದಾಮು. ದುಡಿಯುವವರೆಲ್ಲ ಬಿಜಾಪುರ, ಗುಲಬರ್ಗಾ, ರಾಯಚೂರಿನವರು.

"ನಮ್ಮ ಮಂದಿಗೆ ಇಂಗ್ಲಿಷ್ ಬರೂದಿಲ್ಲ. ಮರಾಠಿ ಅರ್ಧಾ ಬರ್ತೈತಿ" ಅಂದರು ಸಾಹೇಬರಿಗೆ, ಅರ್ಧ ಕನ್ನಡ ಅರ್ಧ ಮರಾಠಿಯಲ್ಲಿ. "ಯಂತ್ರ ಕನ್ನಡ ಮಾತಾಡಿದ್ರ ತಗೋತೀನಿ. ಕಡೀಕೆ ನಮ್ಮ ಗುಮಾಸ್ತರು ಬಿಜಾಪುರದಿಂದ ಬಂದು ನೋಡ್ತಾರ. ನಮ್ಮಪ್ಪನ ಕಾಲದವರು. ಅವರು ಹೂಂ ಅಂದ್ರ ಹೂಂ. ಇಲ್ಲಾಂದ್ರ ಯಂತ್ರ ನಿಮಗs ಇರ್ಲಿ."

ಅಕ್ಷರದ ಚಿಂತೆ ಇರಲಿಲ್ಲ. ಒಂದು ಕಾರ್ಡ್ ತಂದು ಯಂತ್ರದೊಳಗೆ ಸಿಕ್ಕಿಸಿದ್ದರು. ಮ್ಯಾಡಮ್ ಮರಾಠಿ ಅಕ್ಷರದಲ್ಲಿ ಹೊಡೆದು ಒಂದು ಬಟನ್ ಒತ್ತಿದರೆ ಅದೇ ಕನ್ನಡ ಅಕ್ಷರ ಆಗುತ್ತಿತ್ತು. ಅಕ್ಷರ ಸಿಕ್ಕವು. ಮಾತು ಸಿಗಬೇಕಲ್ಲ? ಸಾಹೇಬರು ಸುತ್ತಲೂ ನೋಡಿದರು. ಇದ್ದವನು ನಾನೊಬ್ಬ.

"ಮಾಮಾ, ನೀವು ಕಾನಡಿಯವರಲ್ಲವೇ?"

"ಹೂಂ" ಅಂದೆ.

ನನ್ನದು ಮಾತು ಕಡಿಮೆ. ಮ್ಯಾಡಮ್ ಯಂತ್ರದ ಪರದೆಯ ಮೇಲಿನ ಒಂದೊಂದೇ ಇಂಗ್ಲಿಷ್ ಸಾಲು ತೋರಿಸಿ ಕೇಳಿದರು.

"ಇಲ್ಲಿ ಮಾಲಿನ ಹೆಸರು ಹಾಕಬೇಕು. ಕನ್ನಡದಲ್ಲಿ ಏನು?"

"ಹಾಕು."

"ಎಷ್ಟು ಚೀಲ ಅಂತ?"

"ಎಣಿಸು."

"ತಪ್ಪಾದರೆ?"

"ತಪ್ಪು."

"ಎಲ್ಲ ಮುಗಿದರೆ?"

"ಎದ್ದು ಹೋಗು."

ಚಹಾ ಆರುವುದರೊಳಗೆ ಕನ್ನಡ ಮುಗಿಯಿತು.

ತೋರಿಸಲು ಸಾಹುಕಾರರ ಗೋದಾಮಿನ ಮುಕಾದಮರನ್ನು ಕರೆಸಿದೆವು. ಹಮಾಲರ ಮೇಲಿನವರು, ಚೀಲ ಎಣಿಸುವವರು. ಗುಲಬರ್ಗಾ ಕಡೆಯ ಮುದುಕರು, ಬಿಳಿ ಮೀಸೆ. ಪರದೆಯ ಹತ್ತಿರ ಬಗ್ಗಿ ಒಂದೊಂದೇ ಅಕ್ಷರ ಕೂಡಿಸಿ ಓದಿದರು. "ಹಾಕು." ಮೀಸೆ ಅಲುಗಿತು. "ಎಣಿಸು." ನೆಟ್ಟಗೆ ನಿಂತರು.

"ಯಾರಿಗಿ ಹಾಕು ಅಂತದ ಇದು?"

"ನಿಮಗೇ ಮುತ್ಯಾ" ಅಂದೆ.

"ಇದು ಬಂದು ಎಷ್ಟು ದಿನ ಆತು ಇಲ್ಲಿಗಿ?"

"ಆರು ತಿಂಗಳು."

"ಆರು ತಿಂಗಳ ಕೂಸು ನನಗ ಹಾಕು, ಎಣಿಸು ಅಂತದ!" ಕಡೆಯ ಸಾಲು ಓದಿದರು. "ಎದ್ದು ಹೋಗು ಅಂತದ!"

ಹೋಗೇಬಿಟ್ಟರು. ಸಿಟ್ಟಿನಲ್ಲಿ ಸಾಹೇಬರ ಚಪ್ಪಲಿ ಮೆಟ್ಟಿಕೊಂಡು ಹೋದರು. ಸಾಹೇಬರು ಅವತ್ತು ಮುಕಾದಮರ ಟಯರಿನ ಚಪ್ಪಲಿಯಲ್ಲಿ ಮನೆಗೆ ಹೋದರು. ಮರುದಿನ ಬಂದು, "ಗಟ್ಟಿ ಇವೆ" ಅಂದರು.

ಜಾಗ ಸಾಲದ ಕನ್ನಡ

ಸಂಜೆ ಮನೆಯಲ್ಲಿ ಹೇಳಿದೆ. ಆಕೆ ನಕ್ಕಳು. ನಕ್ಕು ಮುಗಿದ ಮೇಲೆ ಬೈದಳು.

"ನನ್ನ ಕೂಡ ಮಾತಾಡಿಧಂಗ ಮಂದಿ ಕೂಡ ಮಾತಾಡಾಕ ಹಚ್ಚೀರಿ ಅದನ್ನ. ಹಾಕು, ತಾ, ಹೋಗು. ನಾ ಏನೋ ತಡಕೊಂಡೀನಿ. ಆ ಮುತ್ಯಾ ಯಾಕ ತಡಕೋತಾನ?"

"ಮತ್ತೇನು ಅನ್ನಬೇಕು?"

"ಮನಿಗಿ ಮಂದಿ ಬಂದ್ರ ಏನಂತೀವಿ? ಏನ್ ತಂದೀರ್ರಿ ಅಂತೀವಿ. ಹಂಗ ಕೇಳ್ಲಿ."

ನಮ್ಮ ಖೋಲಿ ಸಣ್ಣದು. ಆದರೆ ಊರ ಕಡೆಯಿಂದ ಕೆಲಸ ಹುಡುಕಿ ಬಂದವರೆಲ್ಲ ಮೊದಲು ಇಳಿಯುತ್ತಿದ್ದುದು ಅಲ್ಲಿಗೇ. ಅವರಿಗೆ ಉಪಚಾರ ಮಾಡಿ ಮಾಡಿ ಆಕೆಯ ಬಾಯಿ ಪಳಗಿತ್ತು. ನಾನು ಒಂದೊಂದೇ ಕೇಳುತ್ತ ಹೋದೆ. ಆಕೆ ಹೇಳುತ್ತ ಹೋದಳು. ಠಾಕುರ್ಲಿಯಿಂದ ಡೊಂಬಿವಲಿ ಒಂದೇ ಸ್ಟೇಶನ್. ಅಷ್ಟರಲ್ಲಿ ಮರೆಯಬಾರದೆಂದು ಬಾಯಲ್ಲಿ ಅನ್ನುತ್ತ ಹೋಗುತ್ತಿದ್ದೆ. "ಸ್ವಲ್ಪ ತಾಳ್ರಿ, ಬಂದೆ. ಸ್ವಲ್ಪ ತಾಳ್ರಿ, ಬಂದೆ." ಪಕ್ಕದವರು ಸರಿದು ನಿಲ್ಲುತ್ತಿದ್ದರು. ಆ ಹೊತ್ತಿನ ಲೋಕಲ್ಲಿನಲ್ಲಿ ಕೈಕಾಲು ಆಡಿಸಲು ಜಾಗ ಸಿಕ್ಕವನು ನಾನೊಬ್ಬನೇ ಇರಬೇಕು.

ಹೀಗೆ ಮಾಲಿನ ಹೆಸರು ಕೇಳುವಲ್ಲಿ "ಏನು ತಂದೀರ್ರಿ?" ಬಂತು. ಎಣಿಕೆಗೆ "ಎಷ್ಟು ತಂದೀರ್ರಿ?" ಯಂತ್ರ ತಡ ಮಾಡುವಾಗ "ಸ್ವಲ್ಪ ತಾಳ್ರಿ, ಬಂದೆ." ತಪ್ಪಾದಾಗ "ಏನೋ ಹೆಚ್ಚುಕಡಿಮಿ ಆತು, ಮನಸಿಗಿ ಹಚ್ಚಿಕೋಬ್ಯಾಡ್ರಿ." ಮುಗಿದಾಗ "ಹೋಗಿ ಬರ್ರಿ." ಬರೆಸಿದ ಲೆಕ್ಕವನ್ನು ಯಂತ್ರ ತನ್ನ ಹತ್ತಿರ ಉಳಿಸಿಕೊಳ್ಳಬೇಕೇ ಎಂದು ಕೇಳುವ ಜಾಗ ಒಂದಿತ್ತು. ಅಲ್ಲಿ "ಇಟ್ಟುಕೊಳ್ಳಲೇನ್ರಿ?" ಬಂತು. ಉತ್ತರಕ್ಕೆ ಎರಡು ಬಟನ್ನಿಗೆ ಚೀಟಿ ಅಂಟಿಸಿದೆವು. ಒಂದಕ್ಕೆ 'ಹೂಂ'. ಒಂದಕ್ಕೆ 'ಬ್ಯಾಡ'.

ಮ್ಯಾಡಮ್ ತಲೆ ಕೆರೆದುಕೊಂಡರು. "ಮಾಮಾ, ಪರದೆಯಲ್ಲಿ ಜಾಗ ಸಾಲದು. ಮಾಮಿಗೆ ಸ್ವಲ್ಪ ಸಣ್ಣ ಮಾತು ಹೇಳಲು ಹೇಳಿ."

ಹೇಳಿದೆ. ಆಕೆ, "ಸಣ್ಣ ಮಾತು ಜಗಳಕ್ಕ ಛಲೋ. ಜಾಗಾ ಸಾಲದಿದ್ರ ಪರದಿ ದೊಡ್ಡದು ತರಿಸ್ರಂತ ಹೇಳ್ರಿ" ಅಂದಳು.

ಕಡೆಗೆ ಮ್ಯಾಡಮ್ ತಾವೇ ನಮ್ಮ ಖೋಲಿಗೆ ಬಂದರು, ಮುಖಾಮುಖಿ ಮಾತಾಡಲು. ಆಕೆ ಅರ್ಧ ಮರಾಠಿಯಲ್ಲಿ, ಅರ್ಧ ಕೈಯಲ್ಲಿ ಕೇಳಿದಳು, ಚಹಾ ಕುಡಿಯುತ್ತೀರಾ ಅಂತ.

"ಹೋ, ಚಾಲೇಲ್" ಅಂದರು ಮ್ಯಾಡಮ್. ಆಗಲಿ, ನಡೆಯುತ್ತದೆ ಅಂತ.

ಆಕೆಯ ಕೈ ಹಾಗೇ ನಿಂತಿತು. ಮುಂದಿನ ಮಾತು ಬಾಯಲ್ಲೇ ಉಳಿಯಿತು. ಶಿರಾ ತಿನ್ನುತ್ತೀರಾ ಅಂದಳು. ಅದಕ್ಕೂ ಮ್ಯಾಡಮ್ "ಹೋ" ಅಂದರು. ತಿಂದರು. ಚೆನ್ನಾಗಿದೆ ಅಂದರು. ಹೋದರು.

ಆಕೆ ಬಹಳ ಹೊತ್ತು ಬಾಗಿಲಲ್ಲೇ ನಿಂತಿದ್ದಳು. "ಮೊದಲನೇ ಸಲಕ್ಕ ಹೂಂ ಅಂದ್ಲಲ್ರೀ! ಒಮ್ಮೆನೂ ಬ್ಯಾಡ ಅನಲಿಲ್ಲ. ಪಾಪ, ಮನ್ಯಾಗ ಒತ್ತಾಯ ಮಾಡಾವ್ರು ಯಾರೂ ಇಲ್ಲೇನೋ."

ಅಂದಿನಿಂದ ನನ್ನ ಡಬ್ಬಿಯ ಜೊತೆ ಮ್ಯಾಡಮ್ಮರಿಗೂ ಒಂದು ಡಬ್ಬಿ ಹೋಗತೊಡಗಿತು. ಅವರದಕ್ಕೆ ತುಪ್ಪ ಇರುತ್ತಿತ್ತು. ನನ್ನದಕ್ಕೆ ಇರುತ್ತಿರಲಿಲ್ಲ.

ಇಲ್ಲ ಅನ್ನದ ಅಂಗಡಿ

ಒಂದು ಮುಂಜಾನೆ ಸಾಹುಕಾರರು ನೋಡಲು ಬಂದರು. ಮ್ಯಾಡಮ್ ಮಾಲಿನ ಪಟ್ಟಿ ತೆರೆದು ತೋರಿಸಿದರು. ಜೋಳ ಇಷ್ಟು, ಗೋದಿ ಇಷ್ಟು. ತೊಗರಿಯ ಮುಂದೆ "ಇಲ್ಲ" ಎಂದಿತ್ತು. ಸಾಹುಕಾರರು ಹಾವು ಕಂಡವರಂತೆ ಹಿಂದೆ ಸರಿದರು.

"ಅಂಗಡಿ ತೆರೆದ ಕೂಡ್ಲೆ ಇಲ್ಲ ಅಂತೈತಲ್ರೀ! ನಾವು ಅಂಗಡ್ಯಾಗ ಇಲ್ಲ ಅನ್ನೂದs ಇಲ್ಲ."

"ಹಾಗಾದರೆ ಸೊನ್ನೆ ಹಾಕೋಣ" ಅಂದರು ಸಾಹೇಬರು.

"ಮುಂಜಾನೆ ಎದ್ದು ಸೊನ್ನಿ ಮಾರಿ ನೋಡ್ಲಿ ಏನು?"

"ಮುಗಿಯಿತು?"

"ಶಿವ ಶಿವಾ! ಧಂದೇನ ಮುಗಿಸಿಬಿಡ್ರಿ."

ಇಲ್ಲ ಅನ್ನಬಾರದು, ಸೊನ್ನೆ ಬರೆಯಬಾರದು, ಮುಗಿಯಿತು ಅನ್ನಬಾರದು. ಆದರೆ ತೊಗರಿ ಇಲ್ಲ ಅನ್ನುವುದು ತಿಳಿಯಬೇಕು. ಸಾಹೇಬರು ಎರಡು ದಿನ ಗಡ್ಡ ಮಾಡಿಕೊಳ್ಳಲಿಲ್ಲ.

ಆಕೆಗೆ ಆಗ ಆರಾಮ ಇರಲಿಲ್ಲ. ಆಸ್ಪತ್ರೆಗೆ ಸೇರಿಸಿದ್ದೆ. ಸಂಜೆ ಮಂಚದ ಪಕ್ಕ ಕೂತು ಕೇಳಿದೆ. ಆಕೆ ಯೋಚಿಸಲೂ ಇಲ್ಲ.

"ಏನೂ ಅನಬ್ಯಾಡಂತ ಹೇಳ್ರಿ. ಸುಮ್ನ ಇದ್ರ ತಿಳೀತೈತಿ ಮಂದಿಗಿ."

ಮ್ಯಾಡಮ್ ಹಾಗೇ ಮಾಡಿದರು. ತೊಗರಿ ಎಂಬ ಹೆಸರಿನ ಮುಂದೆ ಏನೂ ಇಲ್ಲ, ಖಾಲಿ. ಸಾಹುಕಾರರು ಬಂದು ಆ ಖಾಲಿ ಜಾಗವನ್ನೇ ನೋಡಿದರು. ಮುಖ ಅರಳಿತು.

"ಹಿಂಗ! ನಮ್ಮಪ್ಪನೂ ಹಿಂಗs ಮಾಡ್ತಿದ್ದ. ತೊಗರಿ ಮುಗದಾಗ ಯಾರರೆ ಕೇಳಿದ್ರ, ಏನೂ ಅನ್ನದs ಮ್ಯಾಲಿನ ಜಂತಿ ನೋಡ್ಕೋತ ಕುಂದರ್ತಿದ್ದ. ಯಂತ್ರಾನೂ ಜಂತಿ ನೋಡಾಕತ್ತೈತಿ!"

ಆಸ್ಪತ್ರೆಯಲ್ಲಿ ಇದನ್ನು ಹೇಳಿದೆ. ಆಕೆ ನಕ್ಕಳು. ಪಕ್ಕದ ಮಂಚದವರೂ ನಕ್ಕರು. ಸಿಸ್ಟರ್ ಬಂದು ಬೈದಳು. ನಕ್ಕವರನ್ನು ಬಿಟ್ಟು ನನ್ನನ್ನು ಬೈದಳು.

ಖುರ್ಚಿ

ಆಕೆಯ ಕಾರ್ಯವೆಲ್ಲ ಮುಗಿಸಿ ಆಫೀಸಿಗೆ ಹೋದೆ. ಮ್ಯಾಡಮ್ ಅವತ್ತು ತಾವೇ ಚಹಾ ಮಾಡಿ ತಂದುಕೊಟ್ಟರು. ಸಕ್ಕರೆ ಹಾಕಲು ಮರೆತಿದ್ದರು. ಕುಡಿದೆ.

ಆಮೇಲೆ ಆಕೆಯ ಕಡೆಯ ಮಾತು ಹೇಳಿದೆ. ಬಂದವರನ್ನು ನಿಂದರಿಸಿ ಕೇಳಬಾರದು, ಮೊದಲು ಕೂಡ್ರಿ ಅನ್ನಬೇಕು ಅಂತ. ಮ್ಯಾಡಮ್ ಕೂಡಲೇ ಹೊಡೆದರು. ಯಂತ್ರ ಹಚ್ಚಿದರೆ ಈಗ ಮೊದಲ ಸಾಲೇ "ಬರ್ರಿ, ಕೂಡ್ರಿ."

ಆ ವಾರ ಪರೀಕ್ಷೆಗೆಂದು ಯಂತ್ರವನ್ನು ಕೌದಿಯಲ್ಲಿ ಸುತ್ತಿ, ಟೆಂಪೋದಲ್ಲಿ ಕಲ್ಯಾಣದ ಗೋದಾಮಿಗೆ ಒಯ್ದು ಇಟ್ಟೆವು. ಮುಕಾದಮರು ಹೊಸ ಕನ್ನಡ ಓದಿ ಸಿಟ್ಟು ಬಿಟ್ಟಿದ್ದರು. ಮ್ಯಾಡಮ್ ಮಗ್ಗುಲಲ್ಲಿದ್ದು ಕಲಿಸುವುದು, ಅವರು ಮಾಲು ಹಾಕುವುದು ಎಂದು ಮಾತಾಗಿತ್ತು. ಇಟ್ಟುಕೊಳ್ಳುವ ಬಟನ್ ಮಾತ್ರ ಮ್ಯಾಡಮ್ಮರೇ ಒತ್ತುತ್ತಿದ್ದರು.

ಲಾರಿ ಬಂತು. ಮುಕಾದಮರು ಯಂತ್ರದ ಮುಂದೆ ಬಂದು ನಿಂತರು. ನಿಂತೇ ಇದ್ದರು. ಹಿಂದೆ ಹಮಾಲರು ಬೆನ್ನ ಮೇಲೆ ಚೀಲ ಹೊತ್ತು ಸಾಲುಗಟ್ಟಿದರು. ಹೊರಗೆ ಲಾರಿಯವನು ಹಾರ್ನ್ ಹೊಡೆದ. ಗಾದಿಯ ಮೇಲಿದ್ದ ಸಾಹುಕಾರರು ಎದ್ದು ಬಂದರು.

"ಯಾಕ ಮುತ್ಯಾ, ಲೆಕ್ಕಾ ಹಾಕವಲ್ರಿ?"

"ಕೂಡ್ರಿ ಅಂತದರಿ."

"ಹಾಂ. ಅದಕ್ಕೇನಾತು?"

"ಎಲ್ಲಿ ಕೂಡ್ಲಿ?"

ಎಲ್ಲರೂ ಸುತ್ತ ನೋಡಿದರು. ಗೋದಾಮಿನಲ್ಲಿ ಸಾಹುಕಾರರ ಗಾದಿ ಒಂದೇ. ಮುಕಾದಮರು ಮೀಸೆ ಕಪ್ಪಿದ್ದಾಗಿನಿಂದ ನಿಂತೇ ಎಣಿಸಿದವರು.

"ನಿಂತs ಹಾಕ್ರಿ, ಏನಾಗ್ತೈತಿ?"

"ಅದು ಅಷ್ಟ್ ಮರ್ಯಾದಿಲೆ ಕೂಡ್ರಿ ಅಂದ ಮ್ಯಾಲ ನಿಂತು ಹ್ಯಾಂಗ ಹಾಕ್ಲಿರಿ? ಅದಕ್ಕ ಬ್ಯಾಸರ ಆಗಲ್ಲೇನು?"

ಲಾರಿಯವನು ಮತ್ತೆ ಹಾರ್ನ್ ಹೊಡೆದ. ಸಾಹುಕಾರರು ಒಬ್ಬನನ್ನು ಖುರ್ಚಿ ತರಲು ಪಕ್ಕದ ಉಲ್ಹಾಸನಗರದ ಬಜಾರಿಗೆ ಓಡಿಸಿದರು. ಖುರ್ಚಿ ಬಂತು. ಮುಕಾದಮರು ಪಂಚೆ ಸರಿಮಾಡಿಕೊಂಡು ಕೂತರು. ಹಮಾಲರೆಲ್ಲ ಚೀಲದ ಕೆಳಗಿನಿಂದ ಕತ್ತು ಎತ್ತಿ ನೋಡಿದರು.

ಸಾಹುಕಾರರು ನನ್ನ ಕಡೆ ತಿರುಗಿದರು. "ಯಂತ್ರ ಇನ್ನೂ ತಗೊಂಡಿಲ್ಲ, ಆಗಲೇ ಖುರ್ಚಿ ಕೊಡಿಸ್ತು. ತಗೊಂಡ ಮ್ಯಾಲ ಹಾಸಿಗಿ ಕೇಳ್ತೈತೇನು?"

ಗುಮಾಸ್ತರು

ಯಂತ್ರ ಡೊಂಬಿವಲಿಗೆ ಮರಳಿದ ಮೇಲೆ, ಕಡೆಗೆ ಬಿಜಾಪುರದ ಗುಮಾಸ್ತರು ಬಂದರು. ಕಚ್ಚೆ ಪಂಚೆ, ಕರಿ ಟೊಪ್ಪಿಗೆ, ಕಿವಿಯ ಮೇಲೆ ಪೆನ್ಸಿಲ್. ಮೆಟ್ಟಿಲು ಹತ್ತಿ ಚಪ್ಪಲಿ ಬಿಟ್ಟು ಒಳಗೆ ಬಂದರು. ಸಾಹುಕಾರರೂ ಬಂದಿದ್ದರು. ಸಾಹೇಬರು ಟೈ ಕಟ್ಟಿಕೊಂಡಿದ್ದರು. ಇವರು ಹೂಂ ಅಂದರೆ ಯಂತ್ರ ಹೋಗುತ್ತದೆ. ಒಲ್ಲೆ ಅಂದರೆ ಇಷ್ಟು ದಿನದ್ದೆಲ್ಲ ನೀರುಪಾಲು.

ಮ್ಯಾಡಮ್ ಯಂತ್ರ ಹಚ್ಚಿದರು. "ಬರ್ರಿ, ಕೂಡ್ರಿ" ಅಂದಿತು ಪರದೆ. ಗುಮಾಸ್ತರು ಪರದೆಗೆ ಕೈಮುಗಿದು ಕೂತರು. "ಏನು ತಂದೀರ್ರಿ?" ಅಂದಿತು. ಅವರ ಮುಖದಲ್ಲಿ ನಗು ಬಂತು. "ಛಲೋ ಮನಿತನದ್ದು ಕಾಣ್ತದ" ಅಂದರು.

ಒಂದು ಬೆರಳಿನಿಂದ ಹುಡುಕಿ ಹುಡುಕಿ ಒತ್ತಿದರು. ಜೋಳ. ಕಡಲಿ. ಹೆಸರು. ಅಂಗಡಿಯ ಒಂದು ದಿನದ ಲೆಕ್ಕವೆಲ್ಲ ಹಾಕಿದರು. ಒಂದೂ ತಪ್ಪಿಲ್ಲ. ಮಧ್ಯಾಹ್ನ ಆಯಿತು. ಸಾಹೇಬರು ಟೈ ಸಡಿಲ ಮಾಡಿಕೊಂಡರು. ಕಡೆಗೆ ಪರದೆ ಕೇಳಿತು, "ಇಟ್ಟುಕೊಳ್ಳಲೇನ್ರಿ?"

ಗುಮಾಸ್ತರು 'ಬ್ಯಾಡ' ಒತ್ತಿದರು.

"ಹೋಗಿ ಬರ್ರಿ" ಅಂದಿತು ಪರದೆ. ಲೆಕ್ಕವೆಲ್ಲ ಹೋಯಿತು.

ಗುಮಾಸ್ತರ ಮುಖ ಸಣ್ಣದಾಗಿತ್ತು. ಮ್ಯಾಡಮ್, ಬೆರಳು ತಪ್ಪಿರಬೇಕು, ಇನ್ನೊಮ್ಮೆ ಹಾಕೋಣ ಅಂದರು. ಊಟ ಮಾಡಿ ಬಂದು ಗುಮಾಸ್ತರು ಮತ್ತೆ ಮೊದಲಿನಿಂದ ಹಾಕಿದರು. ಜೋಳ. ಕಡಲಿ. ಹೆಸರು. ಬಿಸಿಲು ಕಿಟಕಿ ದಾಟಿ ಆಚೆ ಗೋಡೆಗೆ ಹೋಯಿತು. "ಇಟ್ಟುಕೊಳ್ಳಲೇನ್ರಿ?"

ಗುಮಾಸ್ತರು ಸ್ವಲ್ಪ ನಕ್ಕು, ತಲೆ ಅಲ್ಲಾಡಿಸಿ, ಮತ್ತೆ 'ಬ್ಯಾಡ' ಒತ್ತಿದರು.

"ಹೋಗಿ ಬರ್ರಿ."

ಗುಮಾಸ್ತರು ಎದ್ದು ನಿಂತು ಟೊಪ್ಪಿಗೆ ಸರಿಮಾಡಿಕೊಂಡರು. ಹೋಗಿ ಮೂಲೆಯ ಬಾಕಿನ ಮೇಲೆ ಕೂತರು.

ಸಾಹೇಬರು ಟೈ ಕಿತ್ತು ಕಿಸೆಗೆ ಹಾಕಿಕೊಂಡರು. "ಸಾಕು. ಈ ಸಿಹಿಸಿಹಿ ಮಾತಿನಿಂದಲೇ ಇದೆಲ್ಲ. ಎಲ್ಲ ತೆಗೆದುಹಾಕಿ. ಇಂಗ್ಲಿಷಿನಲ್ಲಿ ಎಸ್, ನೋ ಅಂತ ಎರಡೇ ಹಾಕಿ. ಅಳಿಸಿಬಿಡಿ ಈಗಲೇ."

ಮ್ಯಾಡಮ್ ಬಟನ್ನುಗಳ ಮೇಲೆ ಕೈ ಇಟ್ಟರು. ಒತ್ತಲಿಲ್ಲ. ನನ್ನ ಕಡೆ ನೋಡಿದರು.

ನನ್ನ ಕೈಯಲ್ಲಿ ಚಹಾದ ಕಿಟ್ಲಿ ಇತ್ತು. ನಾನೇನು ಹೇಳಲಿ? ಆಫೀಸು ಅವರದು. ಯಂತ್ರ ಅವರದು. ಮಾತು ಮಾತ್ರ ನನ್ನಾಕೆಯದು. ಬಂದವರಿಗೆ ಚಹಾ ಆದರೂ ಕೊಡೋಣ ಎಂದು ಗುಮಾಸ್ತರ ಹತ್ತಿರ ಹೋದೆ.

"ಚಾ ತಗೋರಿ."

"ಬ್ಯಾಡ."

"ಒಂದೀಟು ತಗೋರಿ, ದಣದೀರಿ."

"ಈಗs ಆಗೇದ. ಬ್ಯಾಡ."

"ನಮ್ಮ ಆಣಿ ಐತಿ ನೋಡ್ರಿ. ಒಂದ್ ಗುಟುಕು."

ಗುಮಾಸ್ತರು ಕೈ ಚಾಚಿದರು. ಕಪ್ಪು ಖಾಲಿ ಮಾಡಿದರು. ಬಸಿಯಲ್ಲಿ ಉಳಿದದ್ದನ್ನೂ ಕುಡಿದರು. ಇನ್ನೊಂದು ಕಪ್ಪಿಗೆ ಮತ್ತೆ ಬ್ಯಾಡ, ಬ್ಯಾಡ ಅಂದು ಅದನ್ನೂ ಕುಡಿದರು.

ಮ್ಯಾಡಮ್ ಅಲ್ಲಿಂದಲೇ ನೋಡುತ್ತಿದ್ದರು. ಖುರ್ಚಿ ಹಿಂದೆ ತಳ್ಳಿ ಎದ್ದರು. "ಮಾಮಾ, ಅವರಿಗೆ ಚಹಾ ಬೇಕಿತ್ತಲ್ಲ?"

"ಬೇಕಿತ್ತು."

"ಮತ್ತೆ ಬ್ಯಾಡ ಅಂದರಲ್ಲ?"

"ಮೊದಲು ಹಾಗನ್ನಬೇಕು."

ಮ್ಯಾಡಮ್ ನೆಟ್ಟಗೆ ಗುಮಾಸ್ತರ ಮುಂದೆ ಬಂದು ನಿಂತರು. "ಲೆಕ್ಕ ಇಟ್ಟುಕೊಳ್ಳಬೇಕಿತ್ತಾ ಅಂತ ಕೇಳಿ ಮಾಮಾ." ಕೇಳಿದೆ.

"ಮತ್ತ? ಇಟ್ಟುಕೊಳ್ಳದ ಇಡೀ ದಿನಾ ಯಾಕ ಹಾಕ್ತೀನಿ?" ಅಂದರು ಗುಮಾಸ್ತರು.

"ಹಾಗಾದರೆ ಬ್ಯಾಡ ಯಾಕೆ ಒತ್ತಿದಿರಿ?" ಮ್ಯಾಡಮ್ ನನ್ನಿಂದ ಕೇಳಿಸಿದರು.

ಗುಮಾಸ್ತರು ಅಷ್ಟು ಹೊತ್ತು ಒಳಗೆ ಇಟ್ಟುಕೊಂಡಿದ್ದೆಲ್ಲ ಹೊರಗೆ ಬಂತು.

"ಕೇಳಿದ ಕೂಡ್ಲೆ ಹೂಂ ಅನ್ನಾಕ ನಾ ಏನು ಬರಗಾಲದಾಗ ಹುಟ್ಟೀನೇನು? ಇನ್ನೊಮ್ಮೆ ಕೇಳತದಂತ ಕುಂತೆ. ಎಲ್ಲೀದು? ಬ್ಯಾಡ ಅನ್ನೂದs ತಡಾ, ಹೋಗಿ ಬರ್ರಿ ಅಂತು! ಮಧ್ಯಾಹ್ನ ಇನ್ನೊಂದು ಅವಕಾಶ ಕೊಟ್ಟೆ. ಮತ್ತ ಹಂಗs. ಇಷ್ಟು ಛಲೋ ಮಾತಾಡತದ, ಬರ್ರಿ ಅಂತದ, ಕೂಡ್ರಿ ಅಂತದ, ಒತ್ತಾಯ ಮಾಡೂದು ಯಾರೂ ಕಲಿಸಿಲ್ಲೇನು ಇದಕ್ಕ?"

ಸಾಹುಕಾರರು ಗೋಡೆಗೆ ಕೈಕೊಟ್ಟು ನಗತೊಡಗಿದರು. ಸಾಹೇಬರಿಗೆ ನಾನು ಮರಾಠಿಯಲ್ಲಿ ಹೇಳಿದೆ. ಅವರಿಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ತಿಳಿದ ಮೇಲೆ ಕಿಸೆಯಿಂದ ಟೈ ತೆಗೆದು ಕಣ್ಣು ಒರೆಸಿಕೊಂಡರು.

ಮ್ಯಾಡಮ್ ಆಗಲೇ ಯಂತ್ರದ ಮುಂದೆ ಕೂತಿದ್ದರು. "ಮಾಮಾ, ಎರಡನೇ ಸಲ ಮಾಮಿ ಹೇಗೆ ಕೇಳುತ್ತಿದ್ದರು?"

ಇದನ್ನು ನಾನು ಯಾರನ್ನೂ ಕೇಳಬೇಕಾಗಿರಲಿಲ್ಲ. ನಮ್ಮ ಖೋಲಿಯಲ್ಲಿ ದಿನಾ ಕೇಳಿದ್ದು. "ಹಂಗಂದ್ರ ಹೆಂಗ್ರೀ?" ಅಂದೆ. ಮ್ಯಾಡಮ್ ಹೊಡೆದರು.

"ಮೂರನೇ ಸಲ?"

"ನಮ್ಮ ಆಣಿ ಐತಿ, ಒಲ್ಲೆ ಅನಬ್ಯಾಡ್ರಿ."

ಜಾಗ ಸಾಲಲಿಲ್ಲ. ಮ್ಯಾಡಮ್ ಎರಡು ಸಾಲು ಮಾಡಿದರು.

ಗುಮಾಸ್ತರನ್ನು ಮತ್ತೆ ಕರೆದು ಕೂಡ್ರಿಸಿದೆವು. ಈ ಸಲ ಒಂದೇ ಮಾಲು ಹಾಕಿಸಿದೆವು. ಪರದೆ ಕೇಳಿತು. ಗುಮಾಸ್ತರು 'ಬ್ಯಾಡ' ಒತ್ತಿದರು. "ಹಂಗಂದ್ರ ಹೆಂಗ್ರೀ? ಇಟ್ಟುಕೊಳ್ಳಲೇನು?" ಗುಮಾಸ್ತರು ನಮ್ಮೆಲ್ಲರ ಕಡೆ ನೋಡಿ, ಈಗ ನೋಡಿರಿ ಎಂಬಂತೆ ಹುಬ್ಬು ಹಾರಿಸಿ, ಮತ್ತೆ 'ಬ್ಯಾಡ' ಒತ್ತಿದರು. ಪರದೆ ಆಣೆ ಹಾಕಿತು.

"ಆಯ್ತವಾ ತಂಗಿ, ಅದಕ್ಕ ಆಣಿ ಯಾಕ? ಇಟ್ಕೋ" ಅಂತ ಯಂತ್ರಕ್ಕೆ ಬಾಯಿಬಿಟ್ಟು ಹೇಳಿ 'ಹೂಂ' ಒತ್ತಿದರು. ಲೆಕ್ಕ ಉಳಿಯಿತು. ಸಾಹುಕಾರರ ಕಡೆ ತಿರುಗಿ, "ತಗೋರಿ, ಮನಿ ಮಗಳಂಗ ಅದ" ಅಂದರು.

ಸಾಹೇಬರಿಗೆ ಒಂದು ಸಂಶಯ ಉಳಿದಿತ್ತು. ಯಾರಿಗಾದರೂ ನಿಜವಾಗಿಯೂ ಲೆಕ್ಕ ಬೇಡವಾಗಿದ್ದು, ಮೂರನೇ ಸಲವೂ ಬ್ಯಾಡ ಒತ್ತಿದರೆ ಯಂತ್ರ ಏನು ಮಾಡಬೇಕು? ನಾನು ಕನ್ನಡದಲ್ಲಿ ಕೇಳಿದೆ.

ಗುಮಾಸ್ತರು ಚಪ್ಪಲಿ ಮೆಟ್ಟುತ್ತಿದ್ದವರು ನಿಂತರು. "ಆಣಿ ಹಾಕಿದ ಮ್ಯಾಲೂ ಬ್ಯಾಡ ಅಂದವ ಮನಶ್ಯಾ ಅಲ್ಲ. ಅಂಥವಂದು ಲೆಕ್ಕಾ ಇಟ್ಕೊಂಡು ಏನ್ ಮಾಡ್ತೀರಿ?"

ಮರುದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಆಫೀಸಿಗೆ ಹೋದೆ. ಕೆಳಗೆ ಗಿರಣಿ ಇನ್ನೂ ಸುರುವಾಗಿರಲಿಲ್ಲ. ಯಂತ್ರ ಹಚ್ಚಿದೆ. ಒಂದು ಬೆರಳಿನಿಂದ ಒಂದು ಚೀಲ ಜೋಳ ಹಾಕಿದೆ. ಇಟ್ಟುಕೊಳ್ಳಲೇನ್ರಿ ಅಂತ ಕೇಳಿತು. ಬ್ಯಾಡ ಒತ್ತಿದೆ. ಹಂಗಂದ್ರ ಹೆಂಗ್ರೀ ಅಂದಿತು. ಬ್ಯಾಡ ಒತ್ತಿದೆ. ನಮ್ಮ ಆಣಿ ಐತಿ ಅಂದಿತು.

ಸ್ವಲ್ಪ ಹೊತ್ತು ಕಾಯಿಸಿದೆ. ಆಮೇಲೆ ಹೂಂ ಒತ್ತಿದೆ.